ಮುಯ್ಯಿ ಬರೆಯುವವನ ಮನಸ್ಸು

ಆಂಧ್ರದ ಗಡಿಯ ಪರಿಗಿ ಕಡೆಯ ಮದುವೆಗಳಲ್ಲಿ ಮುಯ್ಯಿ ಬರೆಯಲು ಒಬ್ಬನನ್ನು ಕೂರಿಸುತ್ತಾರೆ. ಒಂದು ಮೇಜು, ಉದ್ದನೆಯ ನೋಟ್‌ಬುಕ್ಕು, ಮೊದಲ ಪುಟದ ನೆತ್ತಿಗೆ ಅರಿಸಿನ ಕುಂಕುಮ. ಹೆಸರು, ಊರು, ಮೊತ್ತ. ಒಂದೇ ಊರಿನಿಂದ ಮೂವರು ನರಸಿಂಹಪ್ಪ ಬಂದಿದ್ದರೆ ಯಾರ ಮಗ ಎಂದು ಕೇಳಿ ಬರೆದುಕೊಳ್ಳಬೇಕು. ಇಲ್ಲವಾದರೆ ನಾಳೆ ಅವರ ಮನೆ ಮದುವೆಗೆ ಎಷ್ಟು ಓದಿಸಬೇಕೆಂಬ ಲೆಕ್ಕ ತಪ್ಪುತ್ತದೆ. ಈ ಕುರ್ಚಿಗೆ ಮಾತುಗಾರ ಬೇಡ. ಲೆಕ್ಕ ಬಲ್ಲ, ಬಾಯಿ ಕಡಿಮೆಯ ಹುಡುಗನನ್ನೇ ಹುಡುಕುತ್ತಾರೆ. ಅವನಿಗೂ ಅದೇ ಹಿತ. ಊರೆಲ್ಲ ಎದುರಿಗೆ ಬಂದು ಹೋದರೂ ಯಾರನ್ನೂ ಮಾತಾಡಿಸಿ ನಗಿಸಬೇಕಿಲ್ಲ.

ಅದೇ ಹುಡುಗನನ್ನು ಸಾವಿನ ಮನೆಗೆ ಕಳಿಸಿ ನೋಡಿ. ಹಿಂದೂಪುರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಕೈಯಲ್ಲಿ ಹಿಡಿದು ನೋಡಿಯೇ ದರ ಅಂದಾಜು ಮಾಡುವವನು, ಎದೆ ಬಡಿದುಕೊಂಡು ಅಳುವವರ ಮುಂದೆ ಎಲ್ಲಿ ನೋಡಬೇಕೆಂದು ತಿಳಿಯದೆ ಚಪ್ಪರದ ಗಳ ನೋಡುತ್ತ ನಿಲ್ಲುತ್ತಾನೆ. ಕೊನೆಗೆ, “ಬಿ.ಪಿ. ಮಾತ್ರೆ ತಗೊಂಡಿದ್ರಾ?” ಎಂದು ಕೇಳಿಬಿಡುತ್ತಾನೆ. ಪ್ರಶ್ನೆ ತಪ್ಪಲ್ಲ, ಹೊತ್ತು ತಪ್ಪು. ಆಮೇಲೆ ಹೆಂಗಸರ ಸಾಲಿನಿಂದ ತೀರ್ಪು: “ಬಂದ, ಕೂತ, ಹೋದ. ಎತ್ತಿ ಆಡಿಸಿದ ಸೋದರತ್ತೆ ಅಲ್ವೇನೇ? ಒಂದು ಹನಿ ಕಣ್ಣೀರಾದ್ರೂ ಬಂತಾ? ಕಲ್ಲು ಮನಸ್ಸು.” ಮನೆಯಲ್ಲಿ ಕನ್ನಡ, ಶಾಲೆ ಕಚೇರಿಗಳಲ್ಲಿ ತೆಲುಗು ಇರುವ ಗಡಿನಾಡು ಇದು. ಸಮಾಧಾನದ ಮಾತು ಒಂದು ಭಾಷೆಯಲ್ಲೂ ಬರದವನಿಗೆ ಬೈಗುಳ ಎರಡರಲ್ಲೂ ಸಿಗುತ್ತದೆ.

ಕಲ್ಲು ಎನ್ನುವುದು ಅವಸರದ ಮಾತು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮನುಷ್ಯರ ಮಾದರಿಗಳ ಬಗ್ಗೆ ಬರೆದಾಗ ಅಂತರ್ಮುಖತೆಯನ್ನೂ ತರ್ಕದ ಒಲವನ್ನೂ ಬೇರೆ ಬೇರೆಯಾಗಿಯೇ ಇಟ್ಟ. ತರ್ಕವನ್ನೇ ನೆಚ್ಚಿಕೊಂಡವನಲ್ಲಿ ಭಾವನೆ ಇಲ್ಲವಾಗುವುದಿಲ್ಲ, ಪಳಗದೆ ಉಳಿಯುತ್ತದೆ ಎಂಬುದು ಅವನ ವಾದ. ಸೋದರತ್ತೆಯ ತಿಥಿ ಕಳೆದು ತಿಂಗಳಾದ ಮೇಲೆ, ಹುಳದ ಮನೆಯಲ್ಲಿ ಸೊಪ್ಪು ಹಾಕುವಾಗ ಈ ಹುಡುಗನಿಗೆ ಅಳು ಒತ್ತರಿಸಿ ಬಂದರೆ ಅದನ್ನು ನೋಡಲು ನೆಂಟರು ಯಾರೂ ಇರುವುದಿಲ್ಲ.

ಯೂಂಗ್‌ನ ವಿಚಾರವನ್ನು ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಪ್ರಶ್ನಾವಳಿಯಾಗಿ ಮಾಡಿದರು. ಬೆಂಗಳೂರಿನ ಕಂಪನಿ ಸೇರಿದ ನಮ್ಮ ಹುಡುಗರು ಅದರ ನಾಲ್ಕಕ್ಷರದ ಫಲಿತಾಂಶವನ್ನು ಜಾತಕದ ಹಾಗೆ ಹೇಳಿಕೊಳ್ಳುತ್ತಾರೆ. ಕೆಲವು ವಾರ ಬಿಟ್ಟು ಮತ್ತೆ ಉತ್ತರಿಸಿದರೆ ಹಲವರಿಗೆ ಬೇರೆ ಅಕ್ಷರ ಬರುವುದರಿಂದ ಮನೋವಿಜ್ಞಾನಿಗಳು ಅದನ್ನು ಅಷ್ಟಾಗಿ ನೆಚ್ಚುವುದಿಲ್ಲ.

ತರ್ಕವಿದ್ದವರೆಲ್ಲ ಜನರಿಂದ ದೂರ ಎಂದೂ ಇಲ್ಲ. ಪಕ್ಕದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯ ಭೌತವಿಜ್ಞಾನಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿ ಪುಟ್ಟಪರ್ತಿಯ ಬಾಬಾಗೇ ಪತ್ರ ಬರೆದ ಹಟಗಾರ. ಮದುವೆಯಾಗಲಿಲ್ಲ. ಆದರೂ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯೊಂದರಲ್ಲಿ ಹುಡುಗರ ಗದ್ದಲದ ನಡುವೆಯೇ ಬಾಳಿದರು.

ಮಾತು ಬಾರದವರನ್ನು ಹಳ್ಳಿಯ ಹಳೆಯ ಕ್ರಮಗಳು ಚೆನ್ನಾಗಿ ಸಂಭಾಳಿಸುತ್ತಿದ್ದವು ಎಂದೇ ನನ್ನ ಅನಿಸಿಕೆ. ಬಾಯಿಗೆ ಬಾರದ್ದಕ್ಕೆ ಕೈಗೆ ಕೆಲಸ ಕೊಡುತ್ತಿದ್ದರು. ಪಂಕ್ತಿಗೆ ಸಾರು ಬಡಿಸು, ಚಪ್ಪರಕ್ಕೆ ಗರಿ ತಾ, ಗುಂಡಿ ತೋಡುವವರಿಗೆ ಹೇಳಿ ಬಾ. ಅಷ್ಟು ಮಾಡಿದರೆ ಅವನಿಗೆ ಪ್ರೀತಿ ಇದೆಯೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ. ಈಗ ಬಡಿಸುವವರು ಕೇಟರಿಂಗಿನವರು. ಮುಯ್ಯಿಯ ಮೇಜಿನ ಮೇಲೂ ಅಲ್ಲಲ್ಲಿ ಕ್ಯೂಆರ್ ಕೋಡ್ ಬಂದು ಕೂತಿದೆ. ಉಳಿದದ್ದು ಫೋಟೋಗೆ ನಗುವುದು, ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಕೈಮುಗಿದ ಚಿತ್ರ ಹಾಕುವುದು. ಎರಡೂ ಅವನಿಗೆ ಒಗ್ಗವು.

ಒಗ್ಗದಿರುವುದು ಬೇರೆ, ಹೆದರುವುದು ಬೇರೆ. ಜನರೆದುರು ಬರಲು ಎದೆ ಹೊಡೆದುಕೊಂಡು, ಬೆವರಿ, ಪರೀಕ್ಷೆ, ಕೆಲಸಗಳನ್ನೇ ಬಿಡುವ ಮಟ್ಟ ಮುಟ್ಟಿದರೆ ಅದು ಚಿಕಿತ್ಸೆ ಇರುವ ತೊಂದರೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೋ ತೆಲುಗಿನಲ್ಲೋ ಮಾತಾಡಬಹುದು.

ಬರೀ ಒಗ್ಗದವನಿಗೆ, ಮದುವೆಯಲ್ಲಿ ಕೈಗೆ ಕೆಲಸ ತಪ್ಪಿದರೂ, ಸಾವಿನ ಮನೆಯಲ್ಲಿ ಇನ್ನೂ ಉಳಿದಿದೆ. ಫ್ರೀಜರ್ ಪೆಟ್ಟಿಗೆ ತರಿಸಬೇಕು, ಶಾಮಿಯಾನಾಕ್ಕೆ ಹೇಳಬೇಕು, ಕಲ್ಯಾಣದುರ್ಗದಿಂದ ಹೊರಟ ಮಗಳು ಎಲ್ಲಿಗೆ ಬಂದಳೆಂದು ಕೇಳುತ್ತಿರಬೇಕು. ಅಳುವವರ ನಡುವೆ ಕೂರಿಸುವ ಬದಲು “ಫೋನೆಲ್ಲ ನೀನೇ ನೋಡ್ಕೊಳಪ್ಪಾ” ಎಂದು ಹಿರಿಯರೊಬ್ಬರು ಹೇಳಿದರೆ ಸಾಕು, ಎಲ್ಲ ಹೊತ್ತಿಗೆ ಸರಿಯಾಗಿ ನಡೆಯುತ್ತದೆ. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕೆಂಬುದು ಮೊದಲು ನೆನಪಾಗುವುದೂ ಅವನಿಗೇ.