ಸೀರಿಯಲ್ ಪೋರ್ಟ್ ಮುಟ್ಟಿದರೆ ಲಿನಕ್ಸ್ ಯಾಕೆ ನಿಲ್ಲುತ್ತದೆ?

ಮುಂಬಯಿ ಮತ್ತು ಸುತ್ತಲಿನ ಅಂಧೇರಿ ಎಂಐಡಿಸಿ, ವಸಯಿ, ರಬಾಳೆಯ ಇಂಡಸ್ಟ್ರಿಯಲ್ ಗಾಳಾಗಳಲ್ಲಿ, ಅಂದರೆ ಸಣ್ಣ ಕಾರ್ಖಾನೆ ಮಳಿಗೆಗಳಲ್ಲಿ, ಸಿಎನ್‌ಸಿ ಲೇಥಿಗೆ ಪ್ರೋಗ್ರಾಮ್ ಕಳಿಸುವುದು ಹಲವೆಡೆ ಇವತ್ತಿಗೂ ಒಂಬತ್ತು ಪಿನ್ನಿನ ಸೀರಿಯಲ್ ಕೇಬಲಿನಲ್ಲೇ. ಲ್ಯಾಬಿನ ರಕ್ತಪರೀಕ್ಷೆಯ ಯಂತ್ರ, ಲಾರಿ ತೂಗುವ ವೇಬ್ರಿಜ್ ಇವಕ್ಕೂ ಅದೇ. 1960ರಲ್ಲಿ ಬಂದ ಆರ್‌ಎಸ್-232 ಅಷ್ಟು ಗಟ್ಟಿ ಪದ್ಧತಿ. ಈ ತುದಿಯಲ್ಲಿ ಲಿನಕ್ಸೋ ಬಿಎಸ್‌ಡಿಯೋ ಇರುವ ಕಂಪ್ಯೂಟರ್ ಕೂತಿದ್ದರೆ ಒಂದು ದೂರು ಪದೇಪದೇ ಕೇಳಿಬರುತ್ತದೆ: "ಪೋರ್ಟ್ ತೆರೆದ ಕೂಡಲೇ ಹ್ಯಾಂಗ್." ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ಪೋರ್ಟ್ ಸುಟ್ಟಿದೆ, ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಹೊಸ ಕಾರ್ಡ್ ತನ್ನಿ. ಸಣ್ಣ ಘಟಕದ ಮಾಲೀಕ ಒಂದು ದಿನದ ಕೆಲಸ ಬಿಟ್ಟು ಗ್ರಾಂಟ್ ರೋಡ್ ಬಳಿಯ ಆ ಎಲೆಕ್ಟ್ರಾನಿಕ್ಸ್ ಪೇಟೆಗೆ ಹೋಗಿ ಹಣ ಸುರಿದು ಬರುತ್ತಾನೆ. ಹೊಸ ಕಾರ್ಡೂ ಹಾಗೆಯೇ ನಿಲ್ಲುತ್ತದೆ. ಇದನ್ನು ನೋಡುವಾಗ ಸಂಕಟವಾಗುತ್ತದೆ. ಹೆಚ್ಚಿನ ಸಲ ಅಲ್ಲಿ ಕೆಟ್ಟದ್ದು ಏನೂ ಇರುವುದಿಲ್ಲ. ಯಂತ್ರ ಯಾವುದೋ ಸಂಕೇತಕ್ಕಾಗಿ ಕಾಯುತ್ತಿರುತ್ತದೆ.

ಯಾವ ಸಂಕೇತ? ಲಿನಕ್ಸ್, ಬಿಎಸ್‌ಡಿ ಸೇರಿದ ಯುನಿಕ್ಸ್ ಕುಟುಂಬ ಬೆಳೆದದ್ದು ಮೋಡೆಮ್‌ಗಳ ಕಾಲದಲ್ಲಿ. ಶಿಕ್ಷಣ-ಸಂಶೋಧನಾ ಸಂಸ್ಥೆಗಳನ್ನು ಜೋಡಿಸಲು 1986ರಲ್ಲಿ ಶುರುವಾದ ಅರ್ನೆಟ್ ಯೋಜನೆಯಲ್ಲಿ ಜುಹೂವಿನ ಎನ್‌ಸಿಎಸ್‌ಟಿಗೂ ಪವಾಯಿಯ ಐಐಟಿಗೂ ನಡುವೆ ಇಮೇಲ್ ಮೊದಮೊದಲು ಓಡಾಡಿದ್ದು ಫೋನ್ ತಂತಿಗೆ ಕಟ್ಟಿದ ಮೋಡೆಮ್ ಮೂಲಕ. 1995ರ ಆಗಸ್ಟಿನಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗಲೂ ಅಗ್ಗದ ಶೆಲ್ ಖಾತೆ ಎಂದರೆ ಮನೆಯ ಸೀರಿಯಲ್ ಪೋರ್ಟಿನಿಂದ ದೂರದ ಯುನಿಕ್ಸ್ ಯಂತ್ರಕ್ಕೆ ಲಾಗಿನ್ ಆಗುವುದು. ಕರೆ ಕೂಡಿಕೊಂಡಿತು ಎಂದು ಮೋಡೆಮ್ ತಿಳಿಸುತ್ತಿದ್ದದ್ದು 1ನೇ ಪಿನ್ನಿನ ಕ್ಯಾರಿಯರ್ ಸಂಕೇತದಿಂದ. ಅದು ಬರುವವರೆಗೆ ಪೋರ್ಟ್ ತೆರೆಯಲು ಬಂದ ಪ್ರೋಗ್ರಾಮನ್ನು ಕರ್ನಲ್ ಬಾಗಿಲಲ್ಲೇ ನಿಲ್ಲಿಸುತ್ತದೆ. ಆ ನಿಯಮ ಇವತ್ತೂ ಇದೆ. ನಮ್ಮ ವರ್ಕ್‌ಶಾಪಿನ ಕೇಬಲಿನಲ್ಲಿ ಬೆಸುಗೆ ಹಾಕಿರುವುದು 2, 3, 5 ಈ ಮೂರೇ ಪಿನ್ನುಗಳಿಗೆ. ಕ್ಯಾರಿಯರ್ ಬರುವ ದಾರಿಯೇ ಇಲ್ಲ.

ಲಿನಕ್ಸ್‌ನಲ್ಲಿ ಕ್ಯಾರಿಯರನ್ನು ಲೆಕ್ಕಿಸಬೇಡ ಎನ್ನುವ 'ಸಿಲೋಕಲ್' ಸಾಮಾನ್ಯವಾಗಿ ಮೊದಲೇ ಚಾಲೂ ಇರುತ್ತದೆ, ಆದರೆ ಹಿಂದೆ ಓಡಿದ ಯಾವುದೋ ಪ್ರೋಗ್ರಾಮ್ ಅದನ್ನು ಆರಿಸಿ ಹೋಗಿರಬಹುದು. 'ಎಸ್‌ಟಿಟಿವೈ' ಆದೇಶಕ್ಕೆ ಪೋರ್ಟಿನ ಹೆಸರನ್ನು 'ಎಫ್' ಆಯ್ಕೆಯ ಜೊತೆ ಕೊಟ್ಟರೆ ಅದು ಕಾಯದೆ ಒಳಹೊಕ್ಕು ಸ್ಥಿತಿ ತೋರಿಸುತ್ತದೆ, ಸಿಲೋಕಲನ್ನು ಮತ್ತೆ ಹಚ್ಚುವುದೂ ಅಲ್ಲೇ. ಫ್ರೀಬಿಎಸ್‌ಡಿಯಲ್ಲಿ ಒಂದೇ ಪೋರ್ಟಿಗೆ ಎರಡು ಹೆಸರು: ಟಿಟಿವೈಯು0 ಕ್ಯಾರಿಯರಿಗೆ ಕಾಯುತ್ತದೆ, ಸಿಯುಎಯು0 ಕಾಯುವುದಿಲ್ಲ. ಪೋರ್ಟ್ ನಿಜಕ್ಕೂ ಸುಟ್ಟಿದೆಯೇ ಎಂದು ತಿಳಿಯಲು ಒಂದು ತುಂಡು ತಂತಿ ಸಾಕು. ಹರಿವಿನ ನಿಯಂತ್ರಣ ಆರಿಸಿ, 2 ಮತ್ತು 3ನೇ ಪಿನ್ನು ಜೋಡಿಸಿ, ಟರ್ಮಿನಲ್ ಪ್ರೋಗ್ರಾಮಿನಲ್ಲಿ ಅಕ್ಷರ ಒತ್ತಿ. ಒತ್ತಿದ್ದು ಮರಳಿ ಬಂದರೆ, ತಂತಿ ತೆಗೆದಾಗ ಬರುವುದು ನಿಂತರೆ, ಕಳಿಸುವ ಭಾಗವೂ ಸ್ವೀಕರಿಸುವ ಭಾಗವೂ ಜೀವಂತ. ಕಾರ್ಡಿಗೆ ಹಣ ಕೊಡುವ ಮೊದಲು ಇದನ್ನು ಮಾಡದೆ ಇರುವುದಕ್ಕೆ ಕಾರಣವೇ ಇಲ್ಲ.

ಎರಡನೆಯ ನಂಬಿಕೆ, ಬಲವಂತವಾಗಿ ಕೊಲ್ಲುವ 'ಕಿಲ್ -9' ಆದೇಶ ಕೊಟ್ಟೂ ಪ್ರೋಗ್ರಾಮ್ ಸಾಯದಿದ್ದರೆ ಸಿಸ್ಟಮ್ಮೇ ಹಾಳಾಗಿದೆ ಎನ್ನುವುದು. ಸಿಎನ್‌ಸಿ ಯಂತ್ರ ದೊಡ್ಡ ಪ್ರೋಗ್ರಾಮನ್ನು ಒಂದೇ ಸಲ ನುಂಗಲಾರದು. ಹೊಟ್ಟೆ ತುಂಬಿದಾಗ 19ನೇ ಸಂಖ್ಯೆಯ ಅಕ್ಷರ ಕಳಿಸಿ 'ನಿಲ್ಲು' ಎನ್ನುತ್ತದೆ, ಖಾಲಿಯಾದಾಗ 17 ಕಳಿಸಿ 'ಬಿಡು' ಎನ್ನುತ್ತದೆ. ಕೀಬೋರ್ಡಿನ ಕಂಟ್ರೋಲ್-ಎಸ್, ಕಂಟ್ರೋಲ್-ಕ್ಯೂ ಇವೇ. ತಿಳಿಯದೆ ಕಂಟ್ರೋಲ್-ಎಸ್ ಒತ್ತಿ ಪರದೆ ಸತ್ತಿತೆಂದು ರೀಬೂಟ್ ಮಾಡಿದವರು ಎಷ್ಟೋ ಜನ. 'ನಿಲ್ಲು' ಎಂದ ಲೇಥನ್ನು ಊಟಕ್ಕೆ ಹೋಗುವಾಗ ಯಾರಾದರೂ ಆಫ್ ಮಾಡಿದರೆ 'ಬಿಡು' ಬರುವುದೇ ಇಲ್ಲ. ಪ್ರೋಗ್ರಾಮನ್ನು ಮುಚ್ಚಹೋದರೂ ಬಾಕಿ ಅಕ್ಷರಗಳು ಹೋಗಲೆಂದು ಲಿನಕ್ಸ್ ಡ್ರೈವರ್ 30 ಸೆಕೆಂಡ್ ತಡೆಯುತ್ತದೆ. ಅಷ್ಟರಲ್ಲಿ ತಾಳ್ಮೆ ಕಳೆದುಕೊಂಡವರು ಪ್ಲಗ್ ಕಿತ್ತಿರುತ್ತಾರೆ. 'ಪಿಎಸ್' ಪಟ್ಟಿಯಲ್ಲಿ ಪ್ರೋಗ್ರಾಮಿನ ಸ್ಥಿತಿ 'ಡಿ' ಎಂದಿದ್ದರೆ ಅದು ಕರ್ನಲ್ ಒಳಗೆ ಮಲಗಿದೆ, ಹೊರಬರುವವರೆಗೆ ಯಾವ ಸಿಗ್ನಲೂ ಅದನ್ನು ಮುಟ್ಟದು. ಪಕ್ಕದ 'ಡಬ್ಲ್ಯುಚಾನ್' ಕಾಲಮ್ಮು ಎಲ್ಲಿ ಮಲಗಿದೆ ಎಂಬುದನ್ನೂ ಹೇಳುತ್ತದೆ. ಓದುವವರು ಕಡಿಮೆ.

ಇಷ್ಟು ಕೇಳಿದ ಮೇಲೆ ಕೆಲವರು ಇನ್ನೊಂದು ತುದಿಗೆ ಹೋಗಿ, ನಿಲ್ಲುವುದು ಒಂದು ಪ್ರೋಗ್ರಾಮ್ ಮಾತ್ರ, ಸೀರಿಯಲ್ ತಂತಿ ಇಡೀ ಯುನಿಕ್ಸ್ ಯಂತ್ರವನ್ನು ನಿಲ್ಲಿಸಲಾರದು ಎನ್ನುತ್ತಾರೆ. ಅದೂ ತಪ್ಪು. ಸನ್ ಕಂಪನಿಯ ಸ್ಪಾರ್ಕ್ ಸರ್ವರುಗಳಲ್ಲಿ ಕನ್ಸೋಲಾಗಿ ಜೋಡಿಸಿದ ಟರ್ಮಿನಲನ್ನು ಆಫ್ ಮಾಡಿದರೆ ಅಥವಾ ಕೇಬಲ್ ಕಿತ್ತರೆ, ಯಂತ್ರ ಅದನ್ನು 'ಬ್ರೇಕ್' ಸಂಕೇತವೆಂದು ತಿಳಿದು ಕೆಲಸವನ್ನೆಲ್ಲ ಹಾಗೇ ಹಿಡಿದು 'ಓಕೆ' ಎಂಬ ಸೂಚನೆಗೆ ಇಳಿಯುತ್ತಿತ್ತು. 'ಗೋ' ಎಂದು ಟೈಪ್ ಮಾಡಿದರೆ ಬಿಟ್ಟಲ್ಲಿಂದ ಮುಂದುವರಿಯುತ್ತಿತ್ತು. ಗೊತ್ತಿಲ್ಲದವರು ಪವರ್ ತೆಗೆಯುತ್ತಿದ್ದರು, ಡಿಸ್ಕಿನ ಕಡತಗಳಿಗೆ ಪೆಟ್ಟಾಗುತ್ತಿತ್ತು. ಲಿನಕ್ಸ್ ಕನ್ಸೋಲನ್ನು 9600 ವೇಗದ ಸೀರಿಯಲ್ಲಿಗೆ ಕಟ್ಟಿದ್ದರೆ ಸೆಕೆಂಡಿಗೆ ಹೋಗುವುದು 960 ಅಕ್ಷರ ಮಾತ್ರ. ಫೈರ್‌ವಾಲ್ ಸಾವಿರಾರು ಸಾಲು ಲಾಗ್ ಉಗುಳತೊಡಗಿದರೆ ಅವನ್ನು ಒಂದೊಂದಾಗಿ ತಳ್ಳುತ್ತ ಕರ್ನಲ್ ಉಳಿದೆಲ್ಲ ಕೆಲಸ ಮರೆಯುತ್ತದೆ.

ಒಂದು ಪ್ರೋಗ್ರಾಮ್ ನಿಂತದ್ದಕ್ಕೂ ಇಡೀ ಯಂತ್ರ ನಿಂತದ್ದಕ್ಕೂ ಇರುವ ವ್ಯತ್ಯಾಸ ಗುರುತಿಸಲು ಪಕ್ಕದ ಫೋನಿನಿಂದಲೋ ಲ್ಯಾಪ್‌ಟಾಪಿನಿಂದಲೋ ಪಿಂಗ್ ಮಾಡಿ, ಆಮೇಲೆ ಎಸ್‌ಎಸ್‌ಎಚ್‌ನಲ್ಲಿ ಲಾಗಿನ್ ಆಗಿ ನೋಡಿ. ಲಾಗಿನ್ ಆದರೆ ನಿಂತಿರುವುದು ಒಂದು ಪ್ರೋಗ್ರಾಮ್ ಅಷ್ಟೇ. ಪಿಂಗ್‌ಗೂ ಉತ್ತರವಿಲ್ಲ, ನೆಟ್‌ವರ್ಕ್ ಮಾತ್ರ ಸರಿಯಿದೆ ಎಂದಾದರೆ ಕರ್ನಲ್ಲೇ ಸಿಕ್ಕಿಕೊಂಡಿದೆ.

ವೇಗ ಹೆಚ್ಚಿಸಿದ್ದರಿಂದ ಹ್ಯಾಂಗ್ ಆಯಿತು ಎನ್ನುವುದಕ್ಕೆ ಹೆಚ್ಚು ಹೇಳಬೇಕಿಲ್ಲ. 1,15,200 ವೇಗದಲ್ಲಿ ಅಕ್ಷರವೊಂದಕ್ಕೆ ಸುಮಾರು 87 ಮೈಕ್ರೋಸೆಕೆಂಡ್, 16550 ಚಿಪ್ಪಿನಲ್ಲಿ 16 ಅಕ್ಷರಕ್ಕೆ ಜಾಗ. ಕಂಪ್ಯೂಟರ್ ತಡಮಾಡಿದರೆ ಅಕ್ಷರಗಳು ಕಳೆದುಹೋಗುತ್ತವೆ, ಯಂತ್ರ ನಿಲ್ಲುವುದಿಲ್ಲ.

ಮುಂಬಯಿಯಲ್ಲಿ ಮಳೆಗಾಲಕ್ಕೂ ಈ ಆಪಾದನೆ ತಪ್ಪಿದ್ದಲ್ಲ. ಉಪ್ಪುಗಾಳಿಗೂ ತೇವಕ್ಕೂ ಪಿನ್ನುಗಳು ಕಿಲುಬು ಹಿಡಿಯುವುದು ನಿಜ. ಆದರೆ ಕಿಲುಬಿನ ಲಕ್ಷಣ ಕಸದಂಥ ಅಕ್ಷರಗಳು. ಲಿನಕ್ಸ್‌ನ 'ಪ್ರೊಕ್' ಅಡಿಯಲ್ಲಿ ಟಿಟಿವೈ, ಡ್ರೈವರ್, ಸೀರಿಯಲ್ ಎಂದು ಸಾಗುವ ಕಡತ ತೆರೆದರೆ 'ಎಫ್‌ಇ', 'ಬಿಆರ್‌ಕೆ' ಎಂಬ ದೋಷಗಳ ಎಣಿಕೆ ಏರುತ್ತಿರುವುದು ಕಾಣುತ್ತದೆ. ಪೋರ್ಟನ್ನು ನಿಜಕ್ಕೂ ಸುಡುವುದು ಬೇರೆ: ಲೇಥಿನ ಅರ್ಥಿಂಗಿಗೂ ಕಂಪ್ಯೂಟರಿನ ಅರ್ಥಿಂಗಿಗೂ ವೋಲ್ಟೇಜ್ ವ್ಯತ್ಯಾಸವಿದ್ದರೆ ಆ ಕರೆಂಟ್ ಹರಿಯುವುದು 5ನೇ ಪಿನ್ನಿನ ಮೂಲಕ. ಆರ್‌ಎಸ್-232ರಲ್ಲಿ ಅದಕ್ಕೆ ತಡೆಯಿಲ್ಲ. ಎರಡು ಗಾಳಾಗಳ ನಡುವೆ ಕೇಬಲ್ ಎಳೆದವರು ಬೆಳಕಿನ ಮೂಲಕ ಸಂಕೇತ ದಾಟಿಸುವ ಆಪ್ಟಿಕಲ್ ಐಸೊಲೇಟರ್ ಹಾಕಲೇಬೇಕು. ಲ್ಯಾಮಿಂಗ್ಟನ್ ರೋಡಿಗೆ ಹೋಗುವುದೇ ಆದರೆ ತರಬೇಕಾದದ್ದು ಅದನ್ನು.