ಶಾಲೆಗೆ ಹತ್ತಿರದ ದಾರಿಯೋ, ಕ್ಷೇಮದ ದಾರಿಯೋ?



ಜೂನ್ ಬಂತೆಂದರೆ ನಮ್ಮ ಪುಣೆಯಲ್ಲಿ ಮಳೆ ಮತ್ತು ಶಾಲೆ ಎರಡೂ ಒಟ್ಟಿಗೇ ಶುರು. ಅಂಥದೊಂದು ದಿನ ಯೆರವಡಾದಿಂದ ಒಬ್ಬ ತಾಯಿ ಹಾಡು ಕೇಳಲು ಫೋನ್ ಮಾಡಿದ್ದರು. ಮೂಲತಃ ಕಲಬುರಗಿ ಕಡೆಯವರು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಏಳಕ್ಕೇ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. “ಮೂರನೇತ್ತ ಓದೋ ಮಗಳು ತಮ್ಮನ ಕೈ ಹಿಡ್ಕೊಂಡು ಸಾಲಿಗಿ ಹೋಗ್ತಾಳ್ರಿ. ನಗರ ರೋಡ್ ದಾಟಬೇಕು. ಹೊಳ್ಳಿ ಮನಿಗಿ ಬಂದ್ರು ಅಂತ ಬಾಜೂ ಮನಿಯಾಕಿ ಫೋನ್ ಮಾಡೋತನಕ ಜೀವದಾಗ ಜೀವ ಇರಂಗಿಲ್ಲ” ಎಂದರು. ಹಾಡಿನ ಹೆಸರು ಹೇಳುವುದನ್ನೇ ಮರೆತು ಫೋನ್ ಇಟ್ಟರು. ಆ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಅದಕ್ಕೇ ಈ ಸಲ ಹಾಡಿನ ಬದಲು ದಾರಿಯ ಮಾತು.

ಈ ಆತಂಕ ಸುಮ್ಮನೆ ಹುಟ್ಟಿದ್ದಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ಕಾಲ್ನಡಿಗೆಯವರು. ಶಿಕ್ಷಣ ಹಕ್ಕಿನ ನಿಯಮಗಳು ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆ 1 ಕಿಲೋಮೀಟರ್ ಒಳಗಿರಬೇಕು ಎನ್ನುತ್ತವೆ. ಆದರೆ ಆ ಒಂದು ಕಿಲೋಮೀಟರಿನ ನಡುವೆ ಏನೇನಿದೆ ಎಂದು ನೋಡಬೇಕಾದವರು ನಾವೇ.

ಮಕ್ಕಳಿಗೆ ರಸ್ತೆ ದಾಟುವುದು ಏಕೆ ಕಷ್ಟ? ಒಂದು, ಎತ್ತರ. ನಿಲ್ಲಿಸಿದ ಕಾರಿನ ಹಿಂದಿನಿಂದ ಮಗುವಿಗೆ ರಸ್ತೆ ಕಾಣುವುದಿಲ್ಲ, ಚಾಲಕನಿಗೆ ಮಗು ಕಾಣುವುದಿಲ್ಲ. ಎರಡು, ಬರುವ ಗಾಡಿಯ ವೇಗವನ್ನು ಅಂದಾಜು ಮಾಡುವ ಶಕ್ತಿ ಚಿಕ್ಕ ವಯಸ್ಸಿನಲ್ಲಿ ಇನ್ನೂ ಬಲಿತಿರುವುದಿಲ್ಲ. ಮೂರು, ಗಾಡಿಯ ವೇಗ. ಚಾಲಕ ಬ್ರೇಕ್ ಒತ್ತಲು ಒಂದು ಸೆಕೆಂಡು ತೆಗೆದುಕೊಂಡರೆ, ಒಣರಸ್ತೆಯಲ್ಲಿ 30 ಕಿಲೋಮೀಟರ್ ವೇಗದ ಕಾರು ನಿಲ್ಲಲು ಸುಮಾರು 13 ಮೀಟರ್ ಬೇಕು. 50ರ ವೇಗವಾದರೆ ಸುಮಾರು 28 ಮೀಟರ್. ಮಳೆಯಲ್ಲಿ ಇನ್ನೂ ಹೆಚ್ಚು.

ಹಾಗಾದರೆ ದಾರಿ ಗೊತ್ತುಮಾಡುವುದು ಹೇಗೆ? ಒಂದು ಭಾನುವಾರ ನೀವೇ ಮಗುವಿನ ಜೊತೆ ನಡೆಯಿರಿ. ಆಮೇಲೆ ಶಾಲೆಯಿರುವ ದಿನ, ಶಾಲೆಯ ಹೊತ್ತಿಗೇ ಇನ್ನೊಮ್ಮೆ ನಡೆಯಿರಿ. ಭಾನುವಾರದ ರಸ್ತೆಯೇ ಬೇರೆ, ಸೋಮವಾರದ ರಸ್ತೆಯೇ ಬೇರೆ. 2024ರ ಆಗಸ್ಟ್‌ನಲ್ಲಿ ಯೆರವಡಾ ಮೆಟ್ರೊ ನಿಲ್ದಾಣ ತೆರೆದ ಮೇಲೆ ಹಳೆಯ ಅಂದಾಜು ಸಾಲದು. ಇಳಿದು ಬರುವ ಜನ, ಕಾಯುವ ಆಟೋ ಎಲ್ಲವನ್ನೂ ಲೆಕ್ಕಕ್ಕೆ ತನ್ನಿ.

ಒಂದು ಹಾಳೆಯಲ್ಲಿ ಮನೆ, ಶಾಲೆ ಮತ್ತು ನಡುವಿನ ಓಣಿಗಳನ್ನು ಗೀಚಿ. ದೊಡ್ಡ ರಸ್ತೆ ದಾಟುವ ಜಾಗ, ಫುಟ್‌ಪಾತ್ ಮುರಿದ ಜಾಗ, ತೆರೆದ ಗಟಾರ, ನಾಯಿಗಳ ಗುಂಪು, ಮಳೆ ನೀರು ನಿಲ್ಲುವ ತಗ್ಗು ಇವಕ್ಕೆ ಕೆಂಪು ಗುರುತು ಹಾಕಿ. ಪರಿಚಯದ ಅಂಗಡಿ, ಸಿಗ್ನಲ್, ಪೊಲೀಸರು ನಿಲ್ಲುವ ಚೌಕಕ್ಕೆ ಹಸಿರು. ಕೆಂಪು ಕಡಿಮೆ ಇರುವ ದಾರಿಯೇ ನಿಮ್ಮ ದಾರಿ. ಹತ್ತು ನಿಮಿಷ ಹೆಚ್ಚಾದರೂ ಚಿಂತೆಯಿಲ್ಲ. ಮಗುವನ್ನು ಹತ್ತು ನಿಮಿಷ ಮೊದಲೇ ಎಬ್ಬಿಸಿ. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ಎದುರು ಬರುವ ಗಾಡಿ ಕಾಣುವ ಹಾಗೆ ನಡೆಯುವುದನ್ನು ಕಲಿಸಿ.

ನಾನೂ ಏಳು ವರ್ಷದ ಮಗಳ ಜೊತೆ ಹೀಗೆ ನಡೆದೆ. ದಿನವೂ ಅವಳು ದಾಟುವ ಜಾಗದಲ್ಲಿ ಅವಳ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ಕಂಡದ್ದು ಒಂದು ಟೆಂಪೋದ ಚಕ್ರ ಮಾತ್ರ! ಮರುದಿನವೇ ದಾರಿ ಬದಲಾಯಿಸಿದೆವು.

ದುಡಿಯಲು ಹೋಗುವ ತಾಯ್ತಂದೆಯರು ಏನು ಮಾಡಬೇಕು? ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಊರಿನಲ್ಲಿ 1998ರಲ್ಲಿ ‘ನಡೆಯುವ ಬಸ್ಸು’ ಶುರುವಾಯಿತು. ಚಕ್ರವಿಲ್ಲ, ಡೀಸೆಲ್ ಇಲ್ಲ. ಮುಂದೊಬ್ಬ ಹಿರಿಯರು, ಹಿಂದೊಬ್ಬರು, ನಡುವೆ ಮಕ್ಕಳ ಸಾಲು. ಗೊತ್ತುಮಾಡಿದ ಜಾಗಗಳಲ್ಲಿ, ಗೊತ್ತುಮಾಡಿದ ಹೊತ್ತಿಗೆ ಮಕ್ಕಳು ಸೇರಿಕೊಳ್ಳುತ್ತಾರೆ. ಒಂದು ಚಾಳಿನ ಆರು ಮನೆಯವರು ವಾರಕ್ಕೊಂದು ದಿನದ ಪಾಳಿ ಹಂಚಿಕೊಂಡರೆ ಸೋಮವಾರದಿಂದ ಶನಿವಾರದವರೆಗೆ ಮುಂದೆ ನಡೆಯಲು ಒಬ್ಬರು ಸಿಕ್ಕ ಹಾಗಾಯಿತು. ಹಿಂದೆ ನಡೆಯಲು ಒಬ್ಬ ಅಜ್ಜನೋ ಅಜ್ಜಿಯೋ ಸಾಕು.

ಉಳಿದದ್ದನ್ನು ಕೇಳಿ ಪಡೆಯಬೇಕು. ವಸತಿ ಪ್ರದೇಶದಲ್ಲಿ ಫುಟ್‌ಪಾತ್ ಮೇಲೆ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಜಾಗ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲೇ ಹೇಳಿದೆ. ಪುಣೆ ಮಹಾನಗರಪಾಲಿಕೆ 2016ರಲ್ಲಿ ಪಾದಚಾರಿ ನೀತಿಯನ್ನು ಒಪ್ಪಿಕೊಂಡಿದೆ. ಫುಟ್‌ಪಾತ್ ಮೇಲೆ ನಡೆಯುವುದು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿತು. ನಿಮ್ಮ ಹಾಳೆಯ ನಕ್ಷೆಗೆ ಹತ್ತು ಪೋಷಕರ ಸಹಿ ಹಾಕಿಸಿ, ಮುಖ್ಯೋಪಾಧ್ಯಾಯರ ಪತ್ರ ಸೇರಿಸಿ, ಯೆರವಡಾ-ಕಳಸ-ಧಾನೋರಿ ಕ್ಷೇತ್ರೀಯ ಕಾರ್ಯಾಲಯಕ್ಕೆ ಕೊಡಿ. ಒಂದು ಪ್ರತಿ ಟ್ರಾಫಿಕ್ ಪೊಲೀಸರಿಗೆ. ಅರ್ಜಿ ಮರಾಠಿಯಲ್ಲಿರಲಿ, ಬರೆಯಲು ಬಾರದಿದ್ದರೆ ಶಾಲೆಯಲ್ಲಿ ಓದುವ ನಿಮ್ಮ ಮಕ್ಕಳೇ ಬರೆದುಕೊಟ್ಟಾರು. ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.

ಹಾಡಿನ ಹೆಸರು ಮರೆತ ಆ ತಾಯಿಗೂ ಒಂದು ಮಾತು: ಅಮ್ಮಾ, ಇನ್ನೊಮ್ಮೆ ಫೋನ್ ಮಾಡಿ. ಮಕ್ಕಳು ಯಾವ ದಾರಿಯಲ್ಲಿ ಹೋಗುತ್ತಿದ್ದಾರೆ ಎಂದು ಮೊದಲು ಹೇಳಿ. ಹಾಡು ಆಮೇಲೆ ಹಾಕೋಣ.