ಹುಂಜದ ಕಾಯಿಲೆಗಳು ಮತ್ತು ಮನೆಯ ಆರೈಕೆ

ಹುಂಜದ ಕಾಯಿಲೆ ಎಂದರೆ ವೈರಾಣು, ಬ್ಯಾಕ್ಟೀರಿಯಾ, ಪರೋಪಜೀವಿ, ವಿಷ, ಗಾಯ ಅಥವಾ ಪೋಷಣೆಯ ಕೊರತೆಯಿಂದ ಗಂಡು ಕೋಳಿಗೆ ಉಂಟಾಗುವ ಅನಾರೋಗ್ಯ. ಇವುಗಳಲ್ಲಿ ಸಣ್ಣ ಗಾಯ, ಹೇನು, ಜಂತುಹುಳು, ಸಿಡುಬಿನ ಹುಣ್ಣು ಮೊದಲಾದವುಗಳನ್ನು ಮನೆಯಲ್ಲಿಯೇ ಉಪಚರಿಸಬಹುದು. ಕೊಕ್ಕರೆ ರೋಗ ಮತ್ತು ಹಕ್ಕಿಜ್ವರಗಳನ್ನು ಗುಣಪಡಿಸುವ ಔಷಧವಾಗಲಿ ಮನೆಮದ್ದಾಗಲಿ ಇಲ್ಲ. ಆದ್ದರಿಂದ ಕಾಯಿಲೆಯು ಒಂದು ಹುಂಜಕ್ಕೆ ಸೀಮಿತವಾದುದೋ, ಇಡೀ ಹಿಂಡಿಗೆ ಹರಡುವಂಥದೋ ಎಂಬುದನ್ನು ತಿಳಿಯುವುದೇ ಮನೆಯ ಪರೀಕ್ಷೆಯ ಮೊದಲ ಉದ್ದೇಶವಾಗಿದೆ.

ಹಿನ್ನೆಲೆ

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳು ಗೋವಿನ ಜೋಳ, ಹತ್ತಿ ಹಾಗೂ ಮೆಣಸಿನಕಾಯಿ ಬೆಳೆಯುವ ಪ್ರದೇಶಗಳು. ಇಲ್ಲಿನ ಹಳ್ಳಿಗಳಲ್ಲಿ ಕೆಲವೇ ಕೋಳಿಗಳ ಸಣ್ಣ ಹಿಂಡನ್ನು ಹಿತ್ತಲಿನಲ್ಲಿ ಬಿಟ್ಟು ಸಾಕುವ ರೂಢಿಯಿದೆ. ನಾಟಿ ತಳಿಯನ್ನು ಉತ್ತರ ಕರ್ನಾಟಕದಲ್ಲಿ ಜವಾರಿ ಕೋಳಿ ಎಂದು ಕರೆಯುತ್ತಾರೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿಯೂ ರಾಜ್ಯದ ಹಿತ್ತಲುಗಳಲ್ಲಿ ಬಳಕೆಯಲ್ಲಿದೆ. ಇಂತಹ ಹಿಂಡಿನ ಆರೈಕೆ ಹೆಚ್ಚಾಗಿ ಮನೆಯ ಹೆಂಗಸರ ಕೈಯಲ್ಲಿರುತ್ತದೆ. ಮೊಟ್ಟೆ ಮತ್ತು ಕೋಳಿಗಳ ಮಾರಾಟದಿಂದ ಬರುವ ಹಣ ಮಕ್ಕಳ ಪುಸ್ತಕ, ಔಷಧಿ, ಹಬ್ಬದ ಖರ್ಚುಗಳಿಗೆ ಒದಗುತ್ತದೆ. ಲಸಿಕೆ ಕಾಣದ ಹಿಂಡಿಗೆ ಕೊಕ್ಕರೆ ರೋಗ ತಗುಲಿದರೆ ಈ ಆದಾಯ ಕೆಲವೇ ದಿನಗಳಲ್ಲಿ ನಿಂತುಹೋಗಬಹುದು.

ಹಿತ್ತಲಿನಲ್ಲಿ ಸಾಮಾನ್ಯವಾಗಿ ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜವಿರುತ್ತದೆ. ಈ ಕಾರಣದಿಂದ ಕಾಯಿಲೆ ಬಿದ್ದ ಹುಂಜವನ್ನು ಬೇರ್ಪಡಿಸಲು ಹಲವರು ಹಿಂಜರಿಯುತ್ತಾರೆ. ಆದರೆ ಹುಂಜವನ್ನು ಬೇರೆ ಇಟ್ಟ ನಂತರವೂ ಹೇಂಟೆಗಳು ಒಂದರಿಂದ ಎರಡು ವಾರಗಳವರೆಗೆ ಮರಿಯಾಗಬಲ್ಲ ಮೊಟ್ಟೆಗಳನ್ನು ಇಡುತ್ತವೆ.

ಆರೋಗ್ಯವಂತ ಹುಂಜದ ಲಕ್ಷಣಗಳು

ಆರೋಗ್ಯವಂತ ಹುಂಜದ ಜುಟ್ಟು ಕೆಂಪಾಗಿಯೂ ಕಣ್ಣುಗಳು ಹೊಳಪಾಗಿಯೂ ಇರುತ್ತವೆ. ಅದು ಬಾಯಿ ಮುಚ್ಚಿ ಉಸಿರಾಡುತ್ತದೆ. ಬಿಸಿಲಿನ ತಾಪದಲ್ಲಿ ಮಾತ್ರ ಬಾಯಿ ತೆರೆದು ಏದುಸಿರು ಬಿಡುತ್ತದೆ. ಕೋಳಿಯ ದೇಹದ ಸಹಜ ಉಷ್ಣತೆ 41ರಿಂದ 42 ಡಿಗ್ರಿ ಸೆಲ್ಸಿಯಸ್. ಇದು ಮನುಷ್ಯರಿಗಿಂತ ಹೆಚ್ಚಾದುದರಿಂದ ಮೈ ಮುಟ್ಟಿ ಬೆಚ್ಚಗಿದೆ ಎಂದ ಮಾತ್ರಕ್ಕೆ ಜ್ವರ ಬಂದಿದೆ ಎನ್ನಲಾಗದು.

ಸಹಜವಾದ ಹಿಕ್ಕೆ ಕಂದು ಬಣ್ಣದ್ದಾಗಿದ್ದು, ಅದರ ಮೇಲೆ ಬಿಳಿಯ ಲೇಪವಿರುತ್ತದೆ. ನಡುನಡುವೆ ಅಂಟಂಟಾದ, ಕಡು ಕಂದು ಬಣ್ಣದ, ಹೆಚ್ಚು ವಾಸನೆಯ ಹಿಕ್ಕೆ ಬೀಳುವುದು ಸಹಜವೇ ಆಗಿದ್ದು, ಅದನ್ನು ಭೇದಿ ಎಂದು ತಿಳಿಯಬಾರದು. ಎಂದಿನಂತೆ ಕೂಗದ ಹುಂಜವನ್ನು ಅಂದೇ ಪರೀಕ್ಷಿಸುವುದು ಒಳ್ಳೆಯದು. ಕೂಗು ನಿಲ್ಲುವುದು, ಮೇವು ಬಿಡುವುದು, ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ತೂಕಡಿಸುವುದು ಕಾಯಿಲೆಯ ಆರಂಭಿಕ ಸೂಚನೆಗಳಾಗಿವೆ.

ಪರೀಕ್ಷಿಸುವ ಕ್ರಮ

ಮೊದಲು ಹುಂಜವನ್ನು ದೂರದಿಂದ ಗಮನಿಸಬೇಕು. ನಡಿಗೆ, ಉಸಿರಾಟದ ಸದ್ದು, ಕತ್ತಿನ ನಿಲುವು ಮತ್ತು ಹಿಕ್ಕೆಯ ಬಣ್ಣಗಳನ್ನು ನೋಡಿದ ನಂತರವೇ ಅದನ್ನು ಹಿಡಿಯಬೇಕು. ಕತ್ತಲಾದ ಮೇಲೆ ಗೂಡಿನಲ್ಲಿ ಹಿಡಿದರೆ ಅದು ಹೆಚ್ಚು ಗಾಬರಿಗೊಳ್ಳುವುದಿಲ್ಲ. ಉಸಿರುಗಟ್ಟುವ, ಕತ್ತು ತಿರುಚುವ ಅಥವಾ ಹಸಿರು ಭೇದಿಯಿರುವ ಹುಂಜವನ್ನು ಮುಟ್ಟುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಅನಂತರ ಸೋಪಿನಿಂದ ಕೈ ತೊಳೆಯಬೇಕು.

ಹಿಡಿದ ಹುಂಜವನ್ನು ತಲೆಯಿಂದ ಕಾಲಿನವರೆಗೆ ಅನುಕ್ರಮವಾಗಿ ನೋಡಲಾಗುತ್ತದೆ. ಜುಟ್ಟು ಬಿಳಿಚಿದ್ದರೆ ರಕ್ತಹೀನತೆ, ಹೇನು ಅಥವಾ ಉಣ್ಣೆಗಳನ್ನು ಶಂಕಿಸಬೇಕು. ನೀಲಿಗಟ್ಟಿದ್ದರೆ ಉಸಿರಾಟದ ಅಥವಾ ರಕ್ತ ಪರಿಚಲನೆಯ ತೊಂದರೆಯಿದೆ. ಬಾಯಿಯಲ್ಲಿ ಹಳದಿ ಪೊರೆ ಕಂಡರೆ ಸಿಡುಬಿನ ಒಳರೂಪವಿರಬಹುದು. ಕತ್ತಿನ ಬುಡದಲ್ಲಿರುವ ಮೇವಿನ ಚೀಲ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಖಾಲಿಯಾಗಿರಬೇಕು. ಗಟ್ಟಿಯಾಗಿ ಉಳಿದಿದ್ದರೆ ನಾರು ಅಥವಾ ಹುಲ್ಲು ಸಿಕ್ಕಿಕೊಂಡಿರುತ್ತದೆ. ಎದೆಮೂಳೆ ಚೂಪಾಗಿ ಕೈಗೆ ತಾಗಿದರೆ ಕಾಯಿಲೆ ಹಲವು ದಿನಗಳದ್ದು. ಕೊನೆಯಲ್ಲಿ ರೆಕ್ಕೆಯ ಅಡಿ, ಗುದದ್ವಾರದ ಸುತ್ತಲಿನ ಗರಿ ಮತ್ತು ಅಂಗಾಲುಗಳನ್ನು ಪರಿಶೀಲಿಸಬೇಕು.

ಇದರೊಂದಿಗೆ ಮೂರು ಪ್ರಶ್ನೆಗಳಿಗೆ ಉತ್ತರ ಅಗತ್ಯ: ಹಿಂಡಿನಲ್ಲಿ ಬೇರೆ ಕೋಳಿಗಳಿಗೂ ಕಾಯಿಲೆ ಬಂದಿದೆಯೇ? ಕಳೆದ ಎರಡು ವಾರಗಳಲ್ಲಿ ಸಂತೆಯಿಂದ ಅಥವಾ ನೆಂಟರ ಮನೆಯಿಂದ ಹೊಸ ಕೋಳಿ ಬಂದಿತ್ತೇ? ಕೋಳಿಗಳು ಎಲ್ಲಿ, ಏನನ್ನು ಮೇಯ್ದಿವೆ?

ಹಿಂಡಿಗೆ ಹರಡುವ ರೋಗಗಳು

ಕೊಕ್ಕರೆ ರೋಗವು ವೈರಾಣುವಿನಿಂದ ಬರುತ್ತದೆ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಅಪಾನ್ ಟೈನ್ ಪ್ರದೇಶದಲ್ಲಿ ಹಾಗೂ ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಇದನ್ನು ಗುರುತಿಸಲಾಯಿತು. ಈಗಿನ ಉತ್ತರಾಖಂಡದ ರಾಣಿಖೇತ್ ಎಂಬ ಊರಿನಿಂದಾಗಿ ಭಾರತದಲ್ಲಿ ಇದಕ್ಕೆ ರಾಣಿಖೇತ್ ರೋಗವೆಂಬ ಹೆಸರು ಬಂದಿತು. ಸೋಂಕು ತಗುಲಿದ 2ರಿಂದ 15 ದಿನಗಳಲ್ಲಿ ಲಕ್ಷಣಗಳು ತೋರುತ್ತವೆ. ಬಾಯಿ ತೆರೆದು ಉಸಿರೆಳೆಯುವುದು, ಹಸಿರು ಭೇದಿ, ಕಾಲು ರೆಕ್ಕೆಗಳ ಸೋಲುವಿಕೆ, ಕತ್ತು ತಿರುಚಿಕೊಳ್ಳುವುದು ಇದರ ಮುಖ್ಯ ಲಕ್ಷಣಗಳು. ಉಗ್ರ ರೂಪದಲ್ಲಿ ಲಸಿಕೆ ಪಡೆಯದ ಹಿಂಡಿನ ಬಹುಪಾಲು ಕೋಳಿಗಳು ಸಾಯುತ್ತವೆ. ಬದುಕಿದವುಗಳಲ್ಲಿ ಕೆಲವಕ್ಕೆ ಕತ್ತಿನ ತಿರುಚು ಉಳಿದುಬಿಡುತ್ತದೆ. ಕತ್ತು ತಿರುಚುವಿಕೆ ಪೋಷಕಾಂಶಗಳ ಕೊರತೆಯಿಂದಲೂ ಬರಬಹುದಾದರೂ, ಅದರೊಂದಿಗೆ ಇತರ ಕೋಳಿಗಳೂ ಸಾಯುತ್ತಿದ್ದರೆ ಕೊಕ್ಕರೆ ರೋಗವೆಂದೇ ಭಾವಿಸಿ ಮುಂದಿನ ಕ್ರಮ ಕೈಗೊಳ್ಳುವುದು ಸುರಕ್ಷಿತ.

ಹಕ್ಕಿಜ್ವರದ ಲಕ್ಷಣಗಳು ಕೊಕ್ಕರೆ ರೋಗವನ್ನೇ ಹೋಲುತ್ತವೆ. ಮುಖದ ಊತ, ಜುಟ್ಟು ನೀಲಿಗಟ್ಟುವುದು ಹಾಗೂ ಹಠಾತ್ ಸಾವು ಇದರಲ್ಲಿ ಕಾಣುತ್ತವೆ. ಎರಡನ್ನೂ ಖಚಿತವಾಗಿ ಬೇರ್ಪಡಿಸಲು ಪ್ರಯೋಗಾಲಯದ ಪರೀಕ್ಷೆಯೇ ಬೇಕು. 2020ರ ಮಾರ್ಚ್‌ನಲ್ಲಿ ರಾಣೆಬೆನ್ನೂರಿನ ನೆರೆಯ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರ ದೃಢಪಟ್ಟಿತ್ತು.

ಕೋಳಿ ಕಾಲರಾ ಬ್ಯಾಕ್ಟೀರಿಯಾದಿಂದ ಬರುತ್ತದೆ. ತೀವ್ರ ರೂಪದಲ್ಲಿ ಲಕ್ಷಣ ತೋರುವ ಮುನ್ನವೇ ಕೋಳಿ ಸಾಯಬಹುದು. ದೀರ್ಘಕಾಲಿಕ ರೂಪದಲ್ಲಿ ಗಲ್ಲದ ಕೆಳಗಿನ ಜೋಲು ಚರ್ಮ ಊದಿಕೊಳ್ಳುತ್ತದೆ. ಕೋಳಿ ನೆಗಡಿಯಲ್ಲಿ ಮುಖ ಊದಿ, ಮೂಗಿನಿಂದ ದುರ್ವಾಸನೆಯ ಸಿಂಬಳ ಸುರಿಯುತ್ತದೆ. ಈ ಎರಡಕ್ಕೂ ಪಶುವೈದ್ಯರು ಸೂಚಿಸುವ ಪ್ರತಿಜೈವಿಕಗಳು ಉಪಯುಕ್ತವಾದರೂ, ಚೇತರಿಸಿಕೊಂಡ ಹುಂಜ ರೋಗಾಣುವಿನ ವಾಹಕವಾಗಿ ಉಳಿಯಬಹುದು.

ಮನೆಯಲ್ಲಿ ಉಪಚರಿಸಬಹುದಾದ ತೊಂದರೆಗಳು

ಸಿಡುಬನ್ನು ಮುಖ್ಯವಾಗಿ ಸೊಳ್ಳೆಗಳು ಹರಡುತ್ತವೆ. ಜುಟ್ಟು ಮತ್ತು ಮುಖದ ಮೇಲೆ ಗಂಟುಗಳೆದ್ದು ಕಪ್ಪು ಹೊಪ್ಪಳೆ ಕಟ್ಟುತ್ತವೆ. ಹೊಪ್ಪಳೆಗಳನ್ನು ಕೀಳದೆ ಪೊವಿಡೋನ್ ಅಯೋಡಿನ್ ಹಚ್ಚಿ, ಮೆತ್ತಗಿನ ಆಹಾರ ಕೊಟ್ಟರೆ ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಲ್ಲಿ ವಾಸಿಯಾಗುತ್ತದೆ. ಬಾಯೊಳಗೆ ಪೊರೆ ಬೆಳೆದು ಉಸಿರಾಟ ಕಷ್ಟವಾದರೆ ವೈದ್ಯರ ನೆರವು ಅವಶ್ಯ.

ಹೇನು ಹುಂಜದ ಮೈಯಲ್ಲೇ ವಾಸಿಸುತ್ತದೆ. ಕೋಳಿ ಉಣ್ಣೆಯಾದರೋ ಹಗಲು ಗೋಡೆಯ ಬಿರುಕು, ಗೂಡಿನ ಸಂದುಗಳಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುತ್ತದೆ. ಹಗಲಿನಲ್ಲಿ ಹುಂಜದ ಮೈ ನೋಡಿ ಉಣ್ಣೆಯಿಲ್ಲ ಎಂದುಕೊಳ್ಳುವುದು ಇದರಿಂದಾಗಿ ಸಾಮಾನ್ಯ ತಪ್ಪಾಗಿದೆ. ಬಿರುಕುಗಳನ್ನು ಮುಚ್ಚಿ ಸುಣ್ಣ ಬಳಿಯುವುದು, ಮಣ್ಣು ಬೂದಿಗಳ ಹುಡಿಯಲ್ಲಿ ಹೊರಳಾಡಲು ಜಾಗ ಒದಗಿಸುವುದು ಪರಿಣಾಮಕಾರಿ.

ಅಂಗಾಲಿನಲ್ಲಿ ಕಪ್ಪು ಹೊಪ್ಪಳೆಯೊಂದಿಗೆ ಬಾವು ಬಂದಿದ್ದರೆ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಕಾಲು ನೆನೆಸಿ, ಅಯೋಡಿನ್ ಹಚ್ಚಿ ಬಟ್ಟೆ ಕಟ್ಟಬೇಕು. ಕೀವು ಆಳವಾಗಿದ್ದರೆ ಮನೆಯಲ್ಲಿ ಕೊಯ್ಯಬಾರದು. ಹುಂಜಗಳು ತಾವಾಗಿ ಕಾದಾಡಿ ಮಾಡಿಕೊಂಡ ಗಾಯಗಳನ್ನು ಶುದ್ಧ ನೀರಿನಿಂದ ತೊಳೆದು ನೊಣ ಕೂರದಂತೆ ಕಾಪಾಡಬೇಕು. ಜಂತುಹುಳುವಿನ ಔಷಧವನ್ನು ಹುಂಜದ ತೂಕಕ್ಕೆ ತಕ್ಕಂತೆ ವೈದ್ಯರನ್ನು ಕೇಳಿ ಕೊಡಲಾಗುತ್ತದೆ.

ಮೇವು ಮತ್ತು ವಿಷ

ಸರಿಯಾಗಿ ಒಣಗದ ಗೋವಿನ ಜೋಳ ಹಾಗೂ ಶೇಂಗಾ ಹಿಂಡಿಯಲ್ಲಿ ಬೂಷ್ಟು ಬೆಳೆದು ಅಫ್ಲಟಾಕ್ಸಿನ್ ಎಂಬ ವಿಷ ಉಂಟಾಗುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತ ಘಟನೆಯಿಂದ ಈ ವಿಷದ ಶೋಧನೆಯಾಯಿತು. ಇದು ಯಕೃತ್ತನ್ನು ಹಾಳುಮಾಡುತ್ತದೆ. ಮನುಷ್ಯರ ಊಟಕ್ಕೆ ಬಾರದೆಂದು ಬದಿಗಿಟ್ಟ ಬೂಷ್ಟು ಕಾಳನ್ನು ಕೋಳಿಗೆ ಹಾಕುವುದು ಹೀಗಾಗಿ ಅಪಾಯಕರ.

ರಾಣೆಬೆನ್ನೂರು ಬೀಜೋತ್ಪಾದನೆಗೆ ಹೆಸರಾದ ಪ್ರದೇಶ. ಬೀಜೋಪಚಾರ ಮಾಡಿದ, ಬಣ್ಣ ಲೇಪಿಸಿದ ಬಿತ್ತನೆ ಬೀಜಗಳಲ್ಲಿ ಕೀಟನಾಶಕ ಅಥವಾ ಶಿಲೀಂಧ್ರನಾಶಕವಿರುತ್ತದೆ. ಬಿತ್ತನೆಯ ದಿನಗಳಲ್ಲಿ ಹಲವು ಕೋಳಿಗಳು ಒಮ್ಮೆಲೇ ಜೊಲ್ಲು ಸುರಿಸಿ, ನಡುಗಿ ಬಿದ್ದರೆ ವಿಷಪ್ರಾಶನವನ್ನು ಶಂಕಿಸಿ ಕೂಡಲೇ ವೈದ್ಯರಿಗೆ ತಿಳಿಸಬೇಕು.

ಕಾಯಿಲೆಯ ಹುಂಜಕ್ಕೆ ಮೆಣಸಿನಕಾಯಿ ತಿನ್ನಿಸುವ ಪದ್ಧತಿಯೂ ಇದೆ. ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್‌ಗೆ ಹಕ್ಕಿಗಳ ನರಗಳು ಸ್ಪಂದಿಸುವುದಿಲ್ಲ. ಹುಂಜಕ್ಕೆ ಖಾರ ತಿಳಿಯುವುದೇ ಇಲ್ಲ. ಕಡಿಮೆ ಖಾರ ಮತ್ತು ಗಾಢ ಕೆಂಪಿಗೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿಯ ವರ್ಣದ್ರವ್ಯವು ಮೊಟ್ಟೆಯ ಹಳದಿಗೆ ಬಣ್ಣ ಕೊಡಬಲ್ಲದೇ ಹೊರತು ಕೊಕ್ಕರೆ ರೋಗವನ್ನು ಗುಣಪಡಿಸದು.

ಆರೈಕೆಯ ವಿಧಾನ

ಕಾಯಿಲೆಯ ಹುಂಜವನ್ನು ಗಾಳಿ ಬೆಳಕಿರುವ, ಮಳೆ ಚಳಿ ತಾಗದ ಬೇರೆ ಜಾಗದಲ್ಲಿ ಬುಟ್ಟಿಯ ಅಡಿ ಇಡಬೇಕು. ಅದರ ನೀರಿನ ಮತ್ತು ಮೇವಿನ ಪಾತ್ರೆಗಳು ಪ್ರತ್ಯೇಕವಾಗಿರಬೇಕು. ಮೊದಲು ಆರೋಗ್ಯವಂತ ಕೋಳಿಗಳ ಕೆಲಸ ಮುಗಿಸಿ, ಕಡೆಯಲ್ಲಿ ಕಾಯಿಲೆಯ ಹುಂಜವನ್ನು ನೋಡಿಕೊಳ್ಳುವುದು ಸರಿಯಾದ ಕ್ರಮ.

ಭೇದಿಯಿಂದ ಬಳಲುವ ಹುಂಜಕ್ಕೆ ಔಷಧಿ ಅಂಗಡಿಯಲ್ಲಿ ದೊರೆಯುವ ಓಆರ್‌ಎಸ್ ದ್ರಾವಣವನ್ನು ಕುಡಿಯಲು ಇಡಬಹುದು. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ಗಂಟಲಿಗೆ ನೀರು ಸುರಿಯಬಾರದು. ಕೊಕ್ಕಿನ ಅಂಚಿಗೆ ಹನಿಹನಿಯಾಗಿ ಬಿಟ್ಟರೆ ಹುಂಜ ತಾನಾಗಿ ನುಂಗುತ್ತದೆ. ಬೇಯಿಸಿದ ಜೋಳದ ನುಚ್ಚು ಅಥವಾ ಮೆತ್ತಗಿನ ಅನ್ನವನ್ನು ಸ್ವಲ್ಪಸ್ವಲ್ಪವೇ ಕೊಡಬಹುದು.

ಮನುಷ್ಯರಿಗಾಗಿ ತಂದು ಉಳಿದ ಪ್ರತಿಜೈವಿಕ ಮಾತ್ರೆಗಳನ್ನು ಪುಡಿಮಾಡಿ ಕೊಡುವುದು ಸರಿಯಲ್ಲ. ವೈರಾಣು ರೋಗಗಳಿಗೆ ಅವು ನಾಟುವುದಿಲ್ಲ. ಅವುಗಳ ದುರ್ಬಳಕೆಯಿಂದ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಕೊಲಿಸ್ಟಿನ್ ಎಂಬ ಪ್ರತಿಜೈವಿಕದ ಬಳಕೆಯನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿದೆ. ಔಷಧ ಪಡೆದ ಹುಂಜವನ್ನು, ವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ ಮಾಂಸಕ್ಕೆ ಬಳಸಬಾರದು.

ಲಸಿಕೆ

ಕೊಕ್ಕರೆ ರೋಗಕ್ಕೆ ಲಸಿಕೆಯೇ ಆಧಾರ. ಮರಿಗಳಿಗೆ ಮೊದಲ ವಾರದಲ್ಲಿ ಎಫ್ ಅಥವಾ ಲಸೋಟಾ ಲಸಿಕೆಯನ್ನು ಕಣ್ಣು ಇಲ್ಲವೆ ಮೂಗಿಗೆ ಒಂದು ಹನಿ ಹಾಕಲಾಗುತ್ತದೆ. ಸುಮಾರು ಎಂಟನೆಯ ವಾರದಲ್ಲಿ ಆರ್2ಬಿ ಲಸಿಕೆಯನ್ನು ಚುಚ್ಚಲಾಗುತ್ತದೆ. ಮುಂದಿನ ಲಸಿಕೆಗಳ ಅಂತರವನ್ನು ಪಶುವೈದ್ಯರು ತಿಳಿಸುತ್ತಾರೆ. ಆಗಲೇ ರೋಗಲಕ್ಷಣ ತೋರುವ ಹುಂಜಕ್ಕೆ ಲಸಿಕೆ ಚಿಕಿತ್ಸೆಯಾಗದು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡಿ, ಮಂಜುಗಡ್ಡೆಯೊಂದಿಗೆ ಸಾಗಿಸಿ, ಕಲಸಿದ ಬಳಿಕ ಒಂದೆರಡು ಗಂಟೆಗಳೊಳಗೆ ಬಳಸಬೇಕು.

ಒಂದು ಸೀಸೆಯಲ್ಲಿ ನೂರು ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳಿಗಾಗುವಷ್ಟು ಲಸಿಕೆಯಿರುತ್ತದೆ. ಹತ್ತು ಕೋಳಿ ಸಾಕಿದ ಮನೆಯವರು ಒಬ್ಬರೇ ಅದನ್ನು ತರುವುದು ಕಷ್ಟ. ಓಣಿಯ ಹತ್ತಾರು ಮನೆಗಳವರು ಅಥವಾ ಸ್ವಸಹಾಯ ಸಂಘದವರು ಒಂದೇ ದಿನ ಒಟ್ಟಾಗಿ ಹಾಕಿಸಿದರೆ ಸೀಸೆ ವ್ಯರ್ಥವಾಗದು. ಒಂದು ಹಿತ್ತಲಿನಿಂದ ಇನ್ನೊಂದಕ್ಕೆ ರೋಗ ಹಬ್ಬುವ ದಾರಿಯೂ ಮುಚ್ಚುತ್ತದೆ.

ಮಾರಾಟ, ಶವ ವಿಲೇವಾರಿ ಮತ್ತು ಕಾನೂನು

ಸಾಯುವ ಮುನ್ನ ಕಾಸು ಸಿಗಲೆಂದು ಕಾಯಿಲೆಯ ಹುಂಜವನ್ನು ಸಂತೆಗೆ ಒಯ್ಯುವುದು, ಕೊಯ್ದು ಹಂಚುವುದು ರೋಗ ಹರಡುವ ಪ್ರಮುಖ ಮಾರ್ಗಗಳು. ಒಂದು ಮನೆಯವರು ಹೀಗೆ ಉಳಿಸಿಕೊಂಡ ಅಲ್ಪ ಹಣದ ಬೆಲೆಯನ್ನು ಹಲವು ಮನೆಗಳವರು ತೆರಬೇಕಾಗುತ್ತದೆ. ಸತ್ತ ಹುಂಜವನ್ನು ಹಳ್ಳ ಕೆರೆಗೆ ಎಸೆಯದೆ, ನಾಯಿಗಳು ಕೆದಕಲಾಗದ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿ ಕೊಕ್ಕರೆ ರೋಗ ಹಾಗೂ ಹಕ್ಕಿಜ್ವರಗಳು ಸೇರಿವೆ. ಶಂಕೆಯಿದ್ದರೆ ಅಧಿಕಾರಿಗಳಿಗೆ ತಿಳಿಸುವುದು ಮಾಲೀಕರ ಹೊಣೆ. ಒಂದಕ್ಕಿಂತ ಹೆಚ್ಚು ಕೋಳಿಗಳು ಹಠಾತ್ತಾಗಿ ಸತ್ತರೆ ಸಮೀಪದ ಸರ್ಕಾರಿ ಪಶು ಆಸ್ಪತ್ರೆಗೆ ಅಥವಾ 1962 ಸಂಖ್ಯೆಯ ಪಶು ಸಹಾಯವಾಣಿಗೆ ತಿಳಿಸಬಹುದು. ಕೋಳಿ ಸಾಕಣೆಯ ಕುರಿತ ಸಲಹೆಗೆ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ.